ಗಜ ಅಂದ್ರೆ ಆನೆ ಅಲ್ಲ: ಹಳೇ ಕೋವಿಯ ಮರದ ಕೋಲಿನ ಕಥೆ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

 

ಇವತ್ತಿನ ಕಥೆ ಒಂದು ಕೋಲಿನದು. ಬರೀ ಕೋಲು. ಉದ್ದ ಸುಮಾರು ಮೂರೂವರೆ ಅಡಿ, ದಪ್ಪ ನಿಮ್ಮ ಕಿರುಬೆರಳಿಗಿಂತ ಕಡಿಮೆ. ಇದರ ಬಗ್ಗೆ ಅಷ್ಟೊತ್ತು ಮಾತಾಡೋಕೆ ಏನಿದೆ ಅಂತ ನಮ್ಮ ತಂಡದಲ್ಲೇ ಕೇಳಿದ್ರು. ಇದೆ, ಕೇಳಿ.

ಕೊಡಗಿನ ಮನೆಗಳಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡ್ತಾರೆ. ನಳಿಗೆಯ ಬಾಯಿಗೆ ತೋಕ್ ಪೂ ಅನ್ನೋ ಕೆಂಪು ಹಳದಿ ಹೂವು ಸಿಕ್ಕಿಸ್ತಾರೆ. ಕೊಡವ ಭಾಷೇಲಿ ತೋಕ್ ಅಂದ್ರೆ ಕೋವಿ, ಪೂ ಅಂದ್ರೆ ಹೂವು. ಆ ಸಾಲಿನಲ್ಲಿ ಅಜ್ಜನ ಕಾಲದ ಒಂದು ಕೋವಿ ಇದ್ರೆ, ನಳಿಗೆಯ ಕೆಳಗೆ ಅದಕ್ಕೆ ಅಂಟಿಕೊಂಡ ಹಾಗೆ ಒಂದು ಕಡ್ಡಿ ಇರುತ್ತೆ, ನೋಡಿರ್ತೀರಿ. ಅದನ್ನ ಎಳೆದರೆ ಪೂರ್ತಿ ಈಚೆ ಬರುತ್ತೆ. ಮಕ್ಕಳು ಅದನ್ನ ಹಿಡ್ಕೊಂಡು ಕತ್ತಿವರಸೆ ಶುರು ಮಾಡಿ ಬೈಸಿಕೊಳ್ತಾರೆ. ಆ ಕಡ್ಡಿಯ ಹೆಸರು ಗಜ.

ಗಜ ಅಂದ ಕೂಡಲೇ ನಮಗೆ ಆನೆ ನೆನಪಾಗುತ್ತೆ. ಅದು ಸಂಸ್ಕೃತದ ಗಜ. ಇದು ಪಾರ್ಸಿಯ ಗಜ. ಬಟ್ಟೆ ಅಂಗಡಿಯಲ್ಲಿ ಹಿಂದೆ ‘ನಾಲ್ಕು ಗಜ ಕೊಡಿ’ ಅಂತಿದ್ರಲ್ಲ, ಅದೇ. ಅಳೆಯೋ ಕೋಲಿಗೂ ಕೋವಿಯ ಕೋಲಿಗೂ ಒಂದೇ ಹೆಸರು. ಅಳತೆಯ ವಿಷಯ ಮನಸ್ಸಲ್ಲಿ ಇಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಮೊದಲು ಈ ಗಜದ ಕೆಲಸ ಏನು ಅಂತ ನೋಡೋಣ. ಸಿನಿಮಾದಲ್ಲಿ ನೋಡೋ ಬಂದೂಕುಗಳಿಗೆ ಗುಂಡನ್ನ ಹಿಂದಿನಿಂದ ಹಾಕ್ತಾರೆ. ಹತ್ತೊಂಬತ್ತನೇ ಶತಮಾನದ ನಡುಭಾಗದ ತನಕ ಜಗತ್ತಿನ ಬಹುತೇಕ ಎಲ್ಲ ಬಂದೂಕುಗಳೂ ಬಾಯಿಂದಲೇ ತಿನ್ನುತ್ತಿದ್ದವು. ನಳಿಗೆ ನೆಟ್ಟಗೆ ನಿಲ್ಲಿಸಬೇಕು, ಬಾಯಿಂದ ಮದ್ದು ಸುರೀಬೇಕು, ಮೇಲೆ ಸೀಸದ ಗುಂಡು ಇಡಬೇಕು, ಆಮೇಲೆ ಒಂದು ಕೋಲಿಂದ ಗುಂಡನ್ನ ತಳದವರೆಗೆ ತಳ್ಳಿ ಮದ್ದಿನ ಮೇಲೆ ಕೂರಿಸಬೇಕು. ಈ ತಳ್ಳೋ ಕೋಲೇ ಗಜ. ಗಜ ಮುರೀತು ಅಂದ್ರೆ ಕೈಯಲ್ಲಿರೋದು ಕೋವಿ ಅಲ್ಲ, ದುಬಾರಿ ದೊಣ್ಣೆ.

ಮುನ್ನೂರು ವರ್ಷದ ಹಿಂದೆ ಗಜಗಳೆಲ್ಲ ಸಾಮಾನ್ಯವಾಗಿ ಮರದವೇ. ಅವನ್ನ ಬದಲಾಯಿಸಿದ್ದು ಜರ್ಮನ್ ನಾಡಿನ ಪ್ರಷ್ಯಾದವರು. ಆನ್‌ಹಾಲ್ಟ್-ಡೆಸೌ ಸಂಸ್ಥಾನದ ಲಿಯೋಪೋಲ್ಡ್ ಅಂತ ಒಬ್ಬ ಕಟ್ಟುನಿಟ್ಟಿನ ಸೇನಾಧಿಪತಿ. ಸೈನಿಕರಿಗೆ ಹಗಲೂ ರಾತ್ರಿ ಕವಾಯತು ಮಾಡಿಸೋದೇ ಅವನ ಜೀವನ. ಮರದ ಗಜ ಅವಸರದಲ್ಲಿ ಮುರಿಯುತ್ತೆ ಅಂತ ಅವನು ತನ್ನ ಪಡೆಗೆ ಕಬ್ಬಿಣದ ಗಜ ಕೊಟ್ಟ. ಆಮೇಲೆ ಇಡೀ ಪ್ರಷ್ಯಾ ಸೇನೆಗೆ ಅದೇ ಬಂತು.

1741ರ ಏಪ್ರಿಲ್ 10ರಂದು ಮೋಲ್‌ವಿಟ್ಜ್ ಅನ್ನೋ ಊರಿನ ಹತ್ತಿರ, ಈಗಿನ ಪೋಲೆಂಡಿನಲ್ಲಿ, ಪ್ರಷ್ಯಾಗೂ ಆಸ್ಟ್ರಿಯಾಗೂ ಯುದ್ಧ ನಡೆಯಿತು. ಪ್ರಷ್ಯಾದ ರಾಜ ಎರಡನೇ ಫ್ರೆಡರಿಕ್‌ಗೆ ಆಗ 29 ವರ್ಷ, ಅದು ಅವನ ಮೊದಲ ದೊಡ್ಡ ಕಾಳಗ. ಆಸ್ಟ್ರಿಯಾದ ಕುದುರೆಪಡೆ ಪ್ರಷ್ಯಾದ ಕುದುರೆಪಡೆಯನ್ನು ಚದುರಿಸಿಬಿಟ್ಟಿತು. ಸೋತೆವು ಅಂದ್ಕೊಂಡು, ಸೇನಾಧಿಪತಿಯ ಮಾತು ಕೇಳಿ, ರಾಜ ರಣರಂಗ ಬಿಟ್ಟು ಹೊರಟೇಹೋದ. ಆದರೆ ಕಾಲಾಳುಗಳು ಕದಲಲಿಲ್ಲ. ಕಬ್ಬಿಣದ ಗಜದಿಂದ ಈಡು ತುಂಬಿ, ಯಂತ್ರದ ಹಾಗೆ ಹೊಡೆಯುತ್ತಲೇ ಇದ್ದರು. ಎದುರಿಗಿದ್ದವರ ಕೈಯಲ್ಲಿ ಮರದ ಗಜ. ಯುದ್ಧವನ್ನು ರಾಜನಿಲ್ಲದೆ ಸೈನಿಕರೇ ಗೆದ್ದರು.

ಇತಿಹಾಸದ ಪುಸ್ತಕಗಳು ಈ ಕಥೆಯನ್ನು ಇಷ್ಟಕ್ಕೇ ಮುಗಿಸ್ತವೆ. ಮರ ಹಳೇದು, ಕಬ್ಬಿಣ ಹೊಸದು, ಹೊಸದು ಗೆದ್ದಿತು. ಬ್ರಿಟಿಷರೂ 1750ರ ಆಸುಪಾಸಿನಿಂದ ತಮ್ಮ ಬ್ರೌನ್ ಬೆಸ್ ಮಸ್ಕೆಟ್‌ಗಳಿಗೆ ಉಕ್ಕಿನ ಗಜ ಹಾಕತೊಡಗಿದರು.

ನನಗೂ ಇಷ್ಟೇ ಗೊತ್ತಿದ್ದಿದ್ದು. ಆದರೆ ಒಂದು ವಿಷಯ ತಲೆ ತಿನ್ನೋಕೆ ಶುರು ಮಾಡ್ತು. ಅದೇ ಕಾಲದಲ್ಲಿ ಜಗತ್ತಿನ ಅತ್ಯಂತ ಗುರಿಕಾರ ಬಂದೂಕುಗಳಲ್ಲಿ ಒಂದು ಅಂದ್ರೆ ಅಮೆರಿಕದ ಪೆನ್ಸಿಲ್ವೇನಿಯಾದ ಉದ್ದ ನಳಿಗೆಯ ರೈಫಲ್. ಅದನ್ನ ಮಾಡ್ತಿದ್ದೋರು ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ್ದ ಜರ್ಮನ್ ಮತ್ತು ಸ್ವಿಸ್ ಮೂಲದ ಕಮ್ಮಾರರು. ಕಬ್ಬಿಣ ಬಡಿಯೋದೇ ಅವರ ಹೊಟ್ಟೆಪಾಡು. ನಾಲ್ಕು ಅಡಿ ಹತ್ತಿರದ ನಳಿಗೆಯನ್ನೇ ಬಡಿದು, ಒಳಗೆ ಗೀರು ಕೊರೆಯೋರಿಗೆ ಒಂದು ಕಬ್ಬಿಣದ ಕಡ್ಡಿ ಮಾಡೋದು ಕಷ್ಟವಾ? ಆದರೂ ಮೋಲ್‌ವಿಟ್ಜ್ ಆಗಿ ನೂರು ವರ್ಷದ ಮೇಲೂ ಅವರ ರೈಫಲ್‌ಗಳ ಕೆಳಗೆ ಮರದ ಗಜವೇ ಇತ್ತು. ಯಾಕೆ?

ಇಲ್ಲಿ ಮಸ್ಕೆಟ್ ಮತ್ತು ರೈಫಲ್‌ಗೆ ಇರೋ ವ್ಯತ್ಯಾಸ ಹೇಳಿಬಿಡ್ತೀನಿ. ಮಸ್ಕೆಟ್‌ನ ನಳಿಗೆ ಒಳಗೆ ನುಣುಪು. ಗುಂಡು ಸಡಿಲವಾಗಿ ಉರುಳಿಕೊಂಡು ಹೋಗುತ್ತೆ. ಪಳಗಿದವನು ನಿಮಿಷಕ್ಕೆ ಮೂರು ಸಲ ಹೊಡೀಬಹುದು, ಆದರೆ ನೂರು ಗಜ ದೂರದಲ್ಲಿರೋ ಒಬ್ಬ ಮನುಷ್ಯನಿಗೆ ತಾಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ರೈಫಲ್‌ನ ನಳಿಗೆಯೊಳಗೆ ಸ್ಕ್ರೂ ತರ ತಿರುಚಿಕೊಂಡು ಹೋಗೋ ಗೀರುಗಳಿರ್ತವೆ. ಗುಂಡು ಬುಗುರಿ ಹಾಗೆ ತಿರುಗಿಕೊಂಡು ಹೊರಬರುತ್ತೆ, ಅದಕ್ಕೇ ನೆಟ್ಟಗೆ ಹೋಗುತ್ತೆ. ಹಾಗೆ ತಿರುಗಬೇಕಾದರೆ ಗುಂಡು ಬಿಗಿಯಾಗಿರಬೇಕು. ಕೊಬ್ಬೋ ಎಣ್ಣೆಯೋ ಸವರಿದ ಒಂದು ಬಟ್ಟೆ ತುಂಡನ್ನ ನಳಿಗೆಯ ಬಾಯಿಗೆ ಇಟ್ಟು, ಅದರ ಮೇಲೆ ಗುಂಡಿಟ್ಟು, ಎರಡನ್ನೂ ಒಟ್ಟಿಗೆ ತಳ್ಳಬೇಕು. ಬಿಗಿ ಅಂದ್ರೆ ತಳ್ಳೋಕೆ ಕಷ್ಟ. ನಾಲ್ಕೈದು ಈಡು ಹೊಡೆದ ಮೇಲೆ ಒಳಗೆ ಸುಟ್ಟ ಮದ್ದಿನ ಕಿಟ್ಟ ಕಟ್ಟಿ ಇನ್ನೂ ಕಷ್ಟ. ನಿಮಿಷಕ್ಕೆ ಒಂದು ಈಡು ಆದರೆ ಅದೇ ಹೆಚ್ಚು.

ಅಂದ್ರೆ ಗಜದ ಮೇಲೆ ಒತ್ತಡ ರೈಫಲ್‌ನಲ್ಲೇ ಜಾಸ್ತಿ. ಹಾಗಾದರೆ ಅಲ್ಲೇ ಅಲ್ವಾ ಕಬ್ಬಿಣ ಬೇಕಾಗಿದ್ದಿದ್ದು?

ಕಾರಣ ನಳಿಗೆಯ ಬಾಯಲ್ಲಿದೆ. ಗುಂಡು ಹೊರಗೆ ಬಿಡುವ ಕೊನೆಯ ಗಳಿಗೆಯಲ್ಲಿ ಅದನ್ನ ಹಿಡಿದಿರೋದು ಬಾಯಿಯ ಅಂಚಿನ ಗೀರುಗಳು. ಅಲ್ಲಿ ಒಂದು ಕಡೆ ಸವೆದರೆ ಬಟ್ಟೆ ಮತ್ತು ಗುಂಡು ಒಂದು ಬದಿಗೆ ತುಸು ಮುಂಚೆ ಸಡಿಲವಾಗಿ, ಗುರಿ ಕೆಟ್ಟುಹೋಗುತ್ತೆ. ಆಗಿನ ನಳಿಗೆಗಳು ಮೆದು ಕಬ್ಬಿಣದವು. ದಿನಾ ಒಂದು ಕಬ್ಬಿಣದ ಕೋಲು ಆ ಅಂಚನ್ನ ಉಜ್ಜುತ್ತಾ ಇದ್ದರೆ ಏನಾಗುತ್ತೆ ಅಂತ ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಕೊರೆದ ಗುರುತು ನೋಡಿದೋರಿಗೆ ಹೇಳಬೇಕಾಗಿಲ್ಲ. ಜೊತೆಗೆ ತೂಕ. ಮೊದಲೇ ಮುಂದಕ್ಕೆ ಬಾಗೋ ಉದ್ದ ಕೋವಿಗೆ ಇನ್ನೊಂದು ಕಬ್ಬಿಣದ ಸರಳು ಯಾರಿಗೆ ಬೇಕು?

ಮರವೇನೂ ಪೂರ್ತಿ ಸಾಧು ಅಲ್ಲ. ನೆಲದ ಮೇಲೆ ಇಟ್ಟು ತೆಗೆದ ಗಜಕ್ಕೆ ಮರಳಿನ ಕಣ ಚುಚ್ಚಿಕೊಂಡರೆ ಅದೂ ಉಪ್ಪುಕಾಗದದ ಹಾಗೆ ನಳಿಗೆ ತಿನ್ನುತ್ತೆ. ಅದಕ್ಕೇ ಬಲ್ಲವರು ಪ್ರತಿ ಸಲ ಗಜ ಒರೆಸಿಯೇ ಒಳಗೆ ಬಿಡೋದು. ಮತ್ತೆ, ರೈಫಲ್ ಅಂದ್ರೆ ಮರದ ಗಜ ಅಂತ ನಿಯಮವೂ ಇಲ್ಲ. 1800ರ ಹೊತ್ತಿಗೆ ಬ್ರಿಟಿಷ್ ಸೇನೆಗೆ ಬಂದ ಬೇಕರ್ ರೈಫಲ್‌ಗೆ ಉಕ್ಕಿನ ಗಜವೇ ಇತ್ತು. ಸೇನೆಯ ಲೆಕ್ಕಾಚಾರವೇ ಬೇರೆ. ಅಲ್ಲಿ ಸಾವಿರಾರು ಜನರಿಗೆ ಸಾವಿರಾರು ಗಜ ಹಂಚಬೇಕು. ಪ್ರತಿಯೊಂದನ್ನೂ ಕಣ್ಣಿಟ್ಟು ಆರಿಸೋಕೆ ಯಾರಿಗೂ ಪುರುಸೊತ್ತಿಲ್ಲ. ನನಗನ್ನಿಸೋದು ಇದು: ಕಬ್ಬಿಣ ಗೆದ್ದಿದ್ದು ಮರಕ್ಕಿಂತ ಒಳ್ಳೇದು ಅಂತ ಅಷ್ಟೇ ಅಲ್ಲ, ಆರಿಸೋ ತಲೆನೋವು ತಪ್ಪುತ್ತೆ ಅಂತ. ಪೆನ್ಸಿಲ್ವೇನಿಯಾದ ಬೇಟೆಗಾರನಿಗೆ ಇದ್ದಿದ್ದು ಒಂದೇ ಕೋವಿ, ಒಂದೇ ಗಜ. ಅವನು ಆರಿಸಬಲ್ಲವನಾಗಿದ್ದ. ಮುರಿದರೆ ಕಾಡಿಗೆ ಹೋಗಿ ಇನ್ನೊಂದು ಮಾಡಿಕೊಳ್ಳಬಲ್ಲವನಾಗಿದ್ದ.

ಯಾವ ಮರ? ಹಿಕರಿ. ಈ ಹೆಸರು ಕೇಳಿಲ್ಲದಿದ್ದರೂ ಅದನ್ನ ನೀವು ಕಂಡಿರ್ತೀರಿ. ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸ್ತಾರಲ್ಲ, ಆ ಒಳ್ಳೆ ಡ್ರಮ್ ಕಡ್ಡಿಗಳು ಹೆಚ್ಚಿನವು ಹಿಕರಿಯವು. ಡ್ರೈ ಫ್ರೂಟ್ಸ್ ಅಂಗಡಿಯಲ್ಲಿ ಸಿಗೋ ಪೆಕಾನ್ ಕೂಡ ಹಿಕರಿ ಜಾತಿಯ ಒಂದು ಮರದ್ದೇ. ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಬೆಳೆಯುತ್ತೆ. ಹೆಸರು ಬಂದಿದ್ದು ಅಲ್ಲಿನ ಮೂಲನಿವಾಸಿಗಳ ಭಾಷೆಯಿಂದ. ಈ ಮರದ ಬೀಜ ಕುಟ್ಟಿ ಮಾಡುತ್ತಿದ್ದ ಹಾಲಿನಂಥ ಪಾನೀಯಕ್ಕೆ ಅವರಿಟ್ಟ ಹೆಸರನ್ನು ಬಿಳಿಯರು ಕತ್ತರಿಸಿ ಮರಕ್ಕೇ ಇಟ್ಟರು. ಗಟ್ಟಿ ಮನುಷ್ಯನಿಗೆ ಅಲ್ಲಿ ಹಿಕರಿ ಅಂತಲೇ ಹೇಳೋದು. ಅಮೆರಿಕದ ಏಳನೇ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಅವನ ಸೈನಿಕರು ಕೊಟ್ಟಿದ್ದ ಅಡ್ಡಹೆಸರು ‘ಮುದಿ ಹಿಕರಿ’.

ಈ ಮರದ ಗುಣ ಏನಂದ್ರೆ ಗಟ್ಟಿಯೂ ಹೌದು, ಬಳುಕೋದೂ ಹೌದು. ಕೊಡಲಿ ಕಾವಿಗೆ, ಸುತ್ತಿಗೆ ಹಿಡಿಗೆ ಅಲ್ಲಿ ಮೊದಲ ಆಯ್ಕೆ ಇದೇ. ಏಟು ತಿಂದು ಬಾಗಿ ಮತ್ತೆ ನೆಟ್ಟಗಾಗುತ್ತೆ. ಆದರೆ, ಇದೇ ಇವತ್ತಿನ ಮುಖ್ಯ ಮಾತು, ಹಿಕರಿ ಅಂದ ಮಾತ್ರಕ್ಕೆ ಒಳ್ಳೆ ಗಜ ಆಗಲ್ಲ. ಕೆಟ್ಟ ಹಿಕರಿ ಗಜ ಕೈ ಕಳೀಬಹುದು. ಉತ್ಪ್ರೇಕ್ಷೆ ಅಲ್ಲ, ಹೇಗೆ ಅಂತ ಹೇಳ್ತೀನಿ.

ಮರದ ಒಳಗೆ ಉದ್ದುದ್ದ ಎಳೆಗಳಿರ್ತವೆ, ಒಂದು ಕಟ್ಟು ಶಾವಿಗೆ ಇದ್ದ ಹಾಗೆ. ಎಳೆಯ ಉದ್ದಕ್ಕೆ ಮರಕ್ಕೆ ಭಾರಿ ಬಲ. ಎಳೆ ಎಳೆಯ ನಡುವೆ ಆ ಬಲ ಇಲ್ಲ. ಅದಕ್ಕೇ ಸೌದೆ ಉದ್ದಕ್ಕೆ ಸೀಳೋದು ಸುಲಭ, ಅಡ್ಡಡ್ಡ ಕಡಿಯೋದು ಕಷ್ಟ. ಒಂದು ಗಜದಲ್ಲಿ ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ಹೋದರೆ ಅದು ಮುರಿಯೋದೇ ಕಷ್ಟ. ಎಳೆಗಳು ನಡುವೆ ಓರೆಯಾಗಿ ಹೊರಳಿ ಪಕ್ಕದಿಂದ ಹೊರಗೆ ಹೋಗಿಬಿಟ್ಟಿದ್ದರೆ, ಕೋಲು ಹೊರಗಿಂದ ಎಷ್ಟೇ ನೆಟ್ಟಗಿದ್ದರೂ ಒಳಗೆ ಅದು ಒಂದಕ್ಕೊಂದು ಓರೆಯಾಗಿ ಅಂಟಿಸಿದ ಎರಡು ತುಂಡು ಅಷ್ಟೇ.

ನೆಟ್ಟಗಿರೋ ಕೋಲು ಬೇರೆ, ನೆಟ್ಟಗಿರೋ ಎಳೆ ಬೇರೆ. ಅಂಗಡಿಯಲ್ಲಿ ನಾವು ಆರಿಸೋದು ಮೊದಲನೇದನ್ನ. ಗಜ ಮಾಡೋರು ಆರಿಸೋದು ಎರಡನೇದನ್ನ. ಎಳೆ ಚೆನ್ನಾಗಿದ್ದು ಕೋಲು ಸ್ವಲ್ಪ ಡೊಂಕಾಗಿದ್ದರೆ, ಬಿಸಿ ತೋರಿಸಿ ಬಗ್ಗಿಸಿ ಸರಿ ಮಾಡಬಹುದು. ಕೋಲು ಬಾಣದಷ್ಟು ನೆಟ್ಟಗಿದ್ದು ಎಳೆ ಓರೆ ಇದ್ದರೆ ಅದಕ್ಕೆ ಯಾವ ಮದ್ದೂ ಇಲ್ಲ. ಒಲೆಗೆ ಹಾಕಬೇಕು.

ಈ ಓರೆ ಎಳೆ ಹುಟ್ಟೋದು ಗರಗಸದಿಂದ. ಯಾವ ಮರವೂ ಸ್ಕೇಲ್ ಇಟ್ಟು ಬೆಳೆಯಲ್ಲ, ಸ್ವಲ್ಪ ತಿರುಚಿಕೊಂಡೇ ಬೆಳೆಯುತ್ತೆ. ಗರಗಸಕ್ಕೆ ಅದು ಬೇಕಾಗಿಲ್ಲ, ತನ್ನ ಪಾಡಿಗೆ ನೇರವಾಗಿ ಕೊಯ್ದುಕೊಂಡು ಹೋಗುತ್ತೆ. ಹಾದಿಯಲ್ಲಿ ಸಿಕ್ಕ ಎಳೆಯೆಲ್ಲ ತುಂಡು. ಸೀಳಿದರೆ ಹಾಗಲ್ಲ. ಬೆಣೆ ಹೊಡೆದಾಗ ಬಿರುಕು ಎಳೆ ಹೋದ ಕಡೆಗೇ ಹೋಗುತ್ತೆ. ನಮ್ಮಲ್ಲಿ ಬುಟ್ಟಿ ಹೆಣೆಯೋರು ಬಿದಿರನ್ನ ಕತ್ತಿಯಿಂದ ಸೀಳ್ತಾರೆ, ಗರಗಸ ಹಾಕಿ ಕೊಯ್ಯಲ್ಲ, ಗಮನಿಸಿದ್ದೀರಾ? ಅದೇ ಕಾರಣ.

ಹಾಗಾಗಿ ಹಳೇ ಪದ್ಧತಿ ಹೀಗಿತ್ತು. ಗಂಟಿಲ್ಲದ, ನೆಟ್ಟಗೆ ಬೆಳೆದ ಹಿಕರಿಯ ಬುಡದ ತುಂಡು ಆರಿಸಬೇಕು. ಹಸಿ ಇದ್ದಾಗಲೇ ಬೆಣೆ ಹೊಡೆದು ಎರಡು, ನಾಲ್ಕು, ಎಂಟು ಅಂತ ಸೀಳುತ್ತಾ ಹೋಗಬೇಕು. ಸಣ್ಣ ಚೌಕದ ಕಡ್ಡಿಯಾದ ಮೇಲೆ ನೆರಳಲ್ಲಿ ಒಣಗಿಸಬೇಕು. ಆಮೇಲೆ ಎರಡು ಹಿಡಿಯ ಕತ್ತಿಯಿಂದ ತನ್ನ ಕಡೆಗೆ ಎಳೆದುಕೊಂಡು ಹೆರೆದು ಗುಂಡಗೆ ಮಾಡಬೇಕು. ಹೆರೆಯುವಾಗಲೇ ಕೈಗೆ ಗೊತ್ತಾಗುತ್ತೆ: ಕತ್ತಿ ಒಂದು ಕಡೆ ಸಲೀಸಾಗಿ ಹೋಗಿ ಇನ್ನೊಂದು ಕಡೆ ಕಚ್ಚಿ ಒಳಗೆ ಇಳಿಯುತ್ತಿದ್ದರೆ, ಅಲ್ಲಿ ಎಳೆ ತಿರುಗಿದೆ ಅಂತ. ಕೊನೆಗೆ ಉಕ್ಕಿನ ತಗಡಿನಲ್ಲಿ ಕೊರೆದ ದುಂಡು ತೂತಿನ ಮೂಲಕ ಎಳೆದರೆ ಒಂದೇ ದಪ್ಪದ ಕೋಲು ಸಿಗುತ್ತೆ. ಸುಮಾರು ಒಂಬತ್ತೂವರೆ ಮಿಲಿಮೀಟರ್. ಹಿಂಬದಿಗೆ ಹೋಗ್ತಾ ಸ್ವಲ್ಪ ಸಣ್ಣ, ಯಾಕಂದ್ರೆ ಕೋವಿಯ ಮರದೊಳಗೆ ಅದು ಕೂರೋ ತೂತು ಕಿರಿದು. ಗುಂಡು ತಳ್ಳೋ ತುದಿಯೇ ದಪ್ಪ.

ಇವತ್ತು ಯಾರಾದರೂ ಇಂಥ ಕೋವಿಗೆ ಗಜ ಕೊಳ್ಳೋಕೆ ಹೋದರೆ, ಅಮೆರಿಕದಲ್ಲಿ ಈಗಲೂ ಹವ್ಯಾಸಕ್ಕೆ ಈ ಕೋವಿ ಹೊಡೆಯೋರು ತುಂಬಾ ಜನ ಇದ್ದಾರೆ, ಕೋಲನ್ನ ಎರಡು ರೀತಿ ನೋಡ್ತಾರೆ. ಮೊದಲು ಬೆಳಕಿಗೆ ಹಿಡಿದು ಬೆರಳಲ್ಲಿ ನಿಧಾನಕ್ಕೆ ತಿರುಗಿಸಬೇಕು. ಹಿಕರಿಯಲ್ಲಿ ಸೂಜಿಯಿಂದ ಗೀಚಿದ ಹಾಗೆ ಸಣ್ಣ ಸಣ್ಣ ಗೆರೆಗಳು ಕಾಣ್ತವೆ. ಎಳೆ ಹೋಗೋ ದಿಕ್ಕು ಅದೇ. ಒಂದು ಗೆರೆಯ ಮೇಲೆ ಕಣ್ಣಿಟ್ಟು ಅದರ ಜೊತೆ ನಡೀರಿ. ಕೋಲಿನ ಉದ್ದಕ್ಕೂ ಜೊತೆಗೇ ಬಂದರೆ ಒಳ್ಳೇದು. ಒಂದು ಗೇಣು ಹೋಗುವಷ್ಟರಲ್ಲಿ ಪಕ್ಕಕ್ಕೆ ಜಾರಿ ಆಚೆ ಬದಿಗೆ ಹೋಗಿಬಿಟ್ಟರೆ ಆ ಕೋಲು ಬೇಡ. ಕೋಲಿನ ಮೈಮೇಲೆ ಚೂಪಾದ ಬಾಣದ ತಲೆಯಂಥ ಆಕಾರ ಕಂಡರೂ ಅನುಮಾನ ಪಡಬೇಕು, ಎಳೆಗಳು ಹೊರಗೆ ಬಿದ್ದಿರೋ ಬಾಗಿಲು ಅದು. ಆಮೇಲೆ ಎರಡೂ ತುದಿ ಹಿಡಿದು, ಮುಖದಿಂದ ದೂರ ಇಟ್ಟು, ಬಿಲ್ಲಿನ ಹಾಗೆ ಮೆಲ್ಲಗೆ ಬಗ್ಗಿಸಬೇಕು. ಒಳ್ಳೇದು ಒಂದೇ ಸಮ ಬಾಗುತ್ತೆ, ಬಿಟ್ಟರೆ ನೆಟ್ಟಗಾಗುತ್ತೆ. ಕೆಟ್ಟದ್ದು ಒಂದೇ ಜಾಗದಲ್ಲಿ ಮಡಚಿದ ಹಾಗೆ ಬಾಗುತ್ತೆ, ಅಥವಾ ‘ಟಿಕ್’ ಅನ್ನುತ್ತೆ. ಟಿಕ್ ಅಂದರೆ ಅಲ್ಲಿಗೆ ಮುಗೀತು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಗುಂಡನೆಯ ಮರದ ಕಡ್ಡಿ ಇದಕ್ಕೆ ಬರಲ್ಲ. ಯಾವ ಮರವೋ, ಎಳೆ ಎತ್ತ ಹೋಗಿದೆಯೋ ಅದನ್ನ ಮಾಡಿದೋರು ನೋಡಿಯೇ ಇರಲ್ಲ. ಬಟ್ಟೆ ನೇತುಹಾಕೋಕೆ ಸರಿ.

ಬಣ್ಣದ ವಿಷಯ ಒಂದು ತಮಾಷೆ ಇದೆ. ಹಿಕರಿಯ ಹೊರಭಾಗ ಬಿಳಿ, ಒಳಗಿನ ತಿರುಳು ಕೆಂಪು ಮಿಶ್ರಿತ ಕಂದು. ಬಿಳಿಯದ್ದೇ ಗಟ್ಟಿ, ಕೆಂಪಿನದ್ದು ಕಳಪೆ ಅಂತ ತಲೆತಲಾಂತರದಿಂದ ನಂಬಿಕೆ. ಕೊಡಲಿ ಕಾವು ಮಾರೋರು ಕೆಂಪನ್ನ ಪಕ್ಕಕ್ಕೆ ಎಸೀತಿದ್ರು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಅರಣ್ಯ ಇಲಾಖೆಯವರು ಎರಡನ್ನೂ ಮುರಿದು ನೋಡಿ ಪರೀಕ್ಷೆ ಮಾಡಿದರು. ಒಂದೇ ತೂಕದ ಬಿಳಿಗೂ ಕೆಂಪಿಗೂ ಬಲದಲ್ಲಿ ವ್ಯತ್ಯಾಸ ಇರಲಿಲ್ಲ. ಬಣ್ಣ ನೋಡಿ ತೂಗೋ ಚಾಳಿ ಮನುಷ್ಯರ ವಿಷಯದಲ್ಲಿ ಮಾತ್ರ ಅಲ್ಲ ನೋಡಿ. ಹಾಗೇ ಎಣ್ಣೆ. ಗಜವನ್ನ ಅಗಸೆ ಎಣ್ಣೆಯಲ್ಲೋ ಸೀಮೆಎಣ್ಣೆಯಲ್ಲೋ ವಾರಗಟ್ಟಲೆ ನೆನೆಸಿಟ್ಟರೆ ಬಳುಕುತ್ತೆ ಅಂತ ಹೇಳ್ತಾರೆ. ಎಣ್ಣೆ ತೇವ ತಡೆಯುತ್ತೆ, ಒಳ್ಳೇದೇ. ಓರೆ ಎಳೆಯನ್ನ ಯಾವ ಎಣ್ಣೆಯೂ ನೆಟ್ಟಗೆ ಮಾಡಲ್ಲ.

ಈಗ ಕೈ ಕಳೆಯೋ ವಿಷಯ. ಒಳ್ಳೆ ಎಳೆಯ ಗಜವೂ ಮುರಿಯಬಹುದು. ಆದರೆ ಅದು ಮುಂಚೆ ಕಿರುಗುಟ್ಟಿ ಎಚ್ಚರಿಕೆ ಕೊಡುತ್ತೆ, ಮುರಿದರೂ ಪೊರಕೆಯ ಹಾಗೆ ಸಿಬಿರು ಸಿಬಿರಾಗಿ ಬಿಡಿಸಿಕೊಳ್ಳುತ್ತೆ. ಓರೆ ಎಳೆಯ ಗಜ ಹಾಗಲ್ಲ. ಹಠಾತ್ತಾಗಿ, ಓರೆಯಾಗಿ, ಒಂದೇ ಏಟಿಗೆ ಕಡಿದ ಹಾಗೆ ಮುರಿಯುತ್ತೆ. ಉಳಿಯೋದು ಎರಡು ಈಟಿ. ಒಂದು ನಳಿಗೆಯಲ್ಲಿ ಮೇಲ್ಮುಖವಾಗಿ ನಿಂತಿರುತ್ತೆ. ಇನ್ನೊಂದು ನಿಮ್ಮ ಮುಷ್ಟಿಯಲ್ಲಿ. ನೀವು ಮೈಭಾರ ಹಾಕಿ ಕೆಳಕ್ಕೆ ಒತ್ತುತ್ತಿದ್ದವರು, ಆ ಕೈ ನಿಲ್ಲಲ್ಲ. ನೇರ ಈಟಿಯ ಮೇಲೇ ಇಳಿಯುತ್ತೆ. ಅಂಗೈಯಿಂದ ಹೊಕ್ಕು ಹಿಂದಿನಿಂದ ಬಂದರೂ ಆಶ್ಚರ್ಯ ಇಲ್ಲ. ಅದಕ್ಕೇ ಈ ಕೋವಿ ಹೊಡೆಯೋರಿಗೆ ಮೊದಲು ಹೇಳಿಕೊಡೋ ಪಾಠ: ಗಜವನ್ನ ಮೇಲಿನ ತುದಿಯಲ್ಲಿ ಹಿಡಿದು ಒಂದೇ ಏಟಿಗೆ ತಳ್ಳಬೇಡ. ನಳಿಗೆಯ ಬಾಯಿಂದ ಒಂದು ಗೇಣು ಮೇಲೆ ಹಿಡಿ, ಅಷ್ಟೇ ತಳ್ಳು, ಮತ್ತೆ ಮೇಲೆ ಹಿಡಿ, ಮತ್ತೆ ಅಷ್ಟೇ ತಳ್ಳು. ಹಿಡಿದ ಜಾಗಕ್ಕೂ ಬಾಯಿಗೂ ನಡುವೆ ಕೋಲು ಕಮ್ಮಿ ಇದ್ದಷ್ಟೂ ಬಾಗೋದು ಕಮ್ಮಿ.

ಮೈದಾನದಲ್ಲಿ ನಿಂತು ಹೀಗೆ ಗೇಣು ಗೇಣಾಗಿ ತಳ್ಳಬಹುದು. ಎದುರಿಗೆ ಬಯೊನೆಟ್ ಹಿಡಿದು ಓಡಿ ಬರ್ತಿದ್ದರೆ?

1780ರ ಅಕ್ಟೋಬರ್ 7. ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೀತಿದೆ. ಕಿಂಗ್ಸ್ ಮೌಂಟನ್ ಅನ್ನೋ ಕಾಡುಗುಡ್ಡ, ಎರಡು ಕ್ಯಾರೊಲೈನಾಗಳ ಗಡಿಯಲ್ಲಿ. ಗುಡ್ಡದ ಮೇಲೆ ಬ್ರಿಟಿಷ್ ರಾಜನ ಪರ ನಿಂತ ಸುಮಾರು 1,100 ಜನ ಅಮೆರಿಕನ್ನರು. ಅವರ ನಾಯಕ ಮೇಜರ್ ಪ್ಯಾಟ್ರಿಕ್ ಫರ್ಗುಸನ್, ಸ್ಕಾಟ್‌ಲೆಂಡಿನವನು. ಗುಡ್ಡ ಹತ್ತಿ ಬರುತ್ತಿರೋರು ಬೆಟ್ಟದಾಚೆಯ ಬೇಟೆಗಾರರು, ರೈತರು, ಸುಮಾರು 900 ಜನ. ಸಮವಸ್ತ್ರ ಇಲ್ಲ, ಬಯೊನೆಟ್ ಇಲ್ಲ. ಹೆಚ್ಚಿನವರ ಕೈಯಲ್ಲಿ ಉದ್ದ ರೈಫಲ್, ಅದರ ಕೆಳಗೆ ಮರದ ಗಜ.

ಈ ಫರ್ಗುಸನ್ ಯಾರು ಗೊತ್ತಾ? ಗಜವೇ ಬೇಡದ ರೈಫಲ್ ಕಂಡುಹಿಡಿದವನು! ಕುದುರೆಯ ಹಿಂದೆ ಓಡುವ ಬದಲು ಕುದುರೆಯನ್ನೇ ತೆಗೆದುಹಾಕಿದವನು. ಅವನ ರೈಫಲ್‌ನಲ್ಲಿ ಕಾವಲಿಯ ಹಿಡಿಯನ್ನು ತಿರುಗಿಸಿದರೆ ಒಂದು ಸ್ಕ್ರೂ ಕೆಳಗಿಳಿದು ನಳಿಗೆಯ ಹಿಂಬದಿ ತೆರೆಯುತ್ತಿತ್ತು. ಗುಂಡು, ಮದ್ದು ಅಲ್ಲಿಂದಲೇ ಹಾಕಿ ಮತ್ತೆ ತಿರುಗಿಸಿದರೆ ಮುಗೀತು. 1776ರಲ್ಲಿ ವುಲ್ವಿಚ್‌ನಲ್ಲಿ ಸೇನಾಧಿಕಾರಿಗಳ ಮುಂದೆ ಗಾಳಿ ಮಳೆಯಲ್ಲಿ ಹೊಡೆದು ತೋರಿಸಿದ್ದ. ನಿಮಿಷಕ್ಕೆ ನಾಲ್ಕು, ಬೇಕಂದರೆ ಆರು ಈಡು. ಅದೇ ವರ್ಷ ಪೇಟೆಂಟ್ ಕೂಡ ಸಿಕ್ಕಿತು. ಸೇನೆ ಮಾಡಿಸಿದ್ದು ಬರೀ ನೂರರಷ್ಟು. 1777ರ ಸೆಪ್ಟೆಂಬರ್‌ನಲ್ಲಿ ಬ್ರ್ಯಾಂಡಿವೈನ್ ಕಾಳಗದಲ್ಲಿ ಗುಂಡು ತಗುಲಿ ಅವನ ಬಲ ಮೊಣಕೈ ಪುಡಿಯಾಯಿತು, ಅವನ ವಿಶೇಷ ತುಕಡಿಯನ್ನು ಒಡೆದು ಬೇರೆ ಪಡೆಗಳಿಗೆ ಹಂಚಿಬಿಟ್ಟರು. ಮೂರು ವರ್ಷ ಕಳೆದು ಆ ಗುಡ್ಡದ ಮೇಲೆ ನಿಂತಾಗ ಅವನ ಜನರ ಕೈಯಲ್ಲಿದ್ದಿದ್ದು ಹೆಚ್ಚಾಗಿ ಮಾಮೂಲಿ ಮಸ್ಕೆಟ್‌ಗಳು.

ಕಾಳಗ ನಡೆದಿದ್ದು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಬೇಟೆಗಾರರು ಮರದ ಮರೆಯಿಂದ ಹೊಡೀತಾ ಮೇಲೆ ಬರ್ತಾರೆ. ಮೇಲಿನವರು ಬಯೊನೆಟ್ ಹಿಡಿದು ಇಳಿಜಾರಲ್ಲಿ ನುಗ್ಗುತ್ತಾರೆ. ಇವರು ಕೆಳಕ್ಕೆ ಓಡ್ತಾರೆ, ಮರದ ಹಿಂದೆ ನಿಂತು ಈಡು ತುಂಬ್ತಾರೆ, ಮತ್ತೆ ಹತ್ತುತ್ತಾರೆ. ಹೀಗೇ ಮತ್ತೆ ಮತ್ತೆ. ಆ ಮರದ ಹಿಂದಿನ ಒಂದು ನಿಮಿಷವನ್ನ ಊಹಿಸಿಕೊಳ್ಳಿ. ಮದ್ದು ಸುರೀಬೇಕು, ಬಟ್ಟೆ ಇಡಬೇಕು, ಗುಂಡಿಡಬೇಕು, ಕಿಟ್ಟ ಕಟ್ಟಿದ ನಳಿಗೆಯಲ್ಲಿ ಅದನ್ನ ತಳದವರೆಗೆ ತಳ್ಳಬೇಕು, ಕೈ ನಡುಗ್ತಿದೆ. ಆ ಕ್ಷಣ ನಂಬಿಕೊಂಡಿರೋದು ಒಂಬತ್ತೂವರೆ ಮಿಲಿಮೀಟರ್ ಹಿಕರಿಯನ್ನ. ಗಜದಿಂದಲೇ ಗೆದ್ದರು ಅಂತ ನಾನು ಹೇಳ್ತಿಲ್ಲ. ಕಾಡು, ಇಳಿಜಾರು, ಗುರಿ, ಮೇಲಿಂದ ಹೊಡೆದ ಗುಂಡುಗಳು ತಲೆ ಮೇಲೆ ಹಾದುಹೋಗಿದ್ದು, ಎಲ್ಲ ಸೇರಿತ್ತು. ಆದರೆ ಅವತ್ತು ಆ ಜನ ಈಡು ತುಂಬಿದ ಪ್ರತಿ ಸಲವೂ, ಯಾವತ್ತೋ ಯಾರೋ ಬೆಣೆ ಹೊಡೆದು ಸೀಳಿ, ಗೆರೆ ನೋಡಿ ಆರಿಸಿದ್ದ ಒಂದು ಕಡ್ಡಿ ಬಾಗಿ ಮತ್ತೆ ನೆಟ್ಟಗಾಗಿತ್ತು. ಗಜ ಬೇಡದ ಕೋವಿ ಮಾಡಿದ ಫರ್ಗುಸನ್, ಹಲವು ಗುಂಡು ತಗುಲಿ ಅಲ್ಲೇ ಸತ್ತ.

ಒಂದು ಸಣ್ಣ ವಿಷಯಾಂತರ. ಇದಕ್ಕೆ ಸರಿಯಾಗಿ 27 ದಿನ ಮುಂಚೆ, 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಅಲಿ, ಟಿಪ್ಪು ಸೇರಿ ಕರ್ನಲ್ ಬೈಲಿಯ ಪಡೆಯನ್ನು ಮಣ್ಣುಮುಕ್ಕಿಸಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆ ಮೇಲಿರೋ ದೊಡ್ಡ ಚಿತ್ರ ಅದರದ್ದೇ. ಬ್ರಿಟಿಷರ ವಿರುದ್ಧ ಹೋರಾಡ್ತಿದ್ದ ಅಮೆರಿಕನ್ನರಿಗೆ ಹೈದರನ ಹೆಸರು ಎಷ್ಟು ಮುಟ್ಟಿತ್ತು ಅಂದ್ರೆ, ಉದ್ದ ರೈಫಲ್‌ಗಳ ತವರಾದ ಅದೇ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಅಂತ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು ಅದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ಅನ್ನೋ ಹಡಗನ್ನು ಸೆರೆಹಿಡಿಯಿತು. ಮೈಸೂರಿಗೂ ಲ್ಯಾಂಕಾಸ್ಟರ್‌ಗೂ ಇರೋ ನಂಟು ಅಷ್ಟೇ, ಆದರೆ ಹೇಳದೆ ಬಿಡೋಕೆ ಮನಸ್ಸು ಬರಲಿಲ್ಲ.

ಕೊನೆಗೆ ಅಳತೆಯ ವಿಷಯ, ಮೊದಲು ಹೇಳಿದ್ನಲ್ಲ. ಬಲ್ಲವರು ಗಜದ ಮೇಲೆ ಎರಡು ಗೆರೆ ಹಾಕಿಕೊಳ್ತಾರೆ. ಖಾಲಿ ನಳಿಗೆಗೆ ಗಜ ಬಿಟ್ಟಾಗ ಬಾಯಿಯ ಮಟ್ಟಕ್ಕೆ ಒಂದು ಗೆರೆ. ಸರಿಯಾಗಿ ಈಡು ತುಂಬಿದ ಮೇಲೆ ಬಾಯಿಯ ಮಟ್ಟಕ್ಕೆ ಇನ್ನೊಂದು. ಗುಂಡು ಮದ್ದಿನ ಮೇಲೆ ಕೂರದೆ ನಡುವೆಯೇ ನಿಂತಿದ್ದರೆ ಎರಡನೇ ಗೆರೆ ಬಾಯಿಂದ ಮೇಲೇ ಉಳಿಯುತ್ತೆ. ಹಾಗೇ ಹೊಡೆದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ತಳ್ಳೋ ಕೋಲೇ ಅಳೆಯೋ ಕೋಲು. ಪಾರ್ಸಿಯವರು ಒಂದೇ ಹೆಸರಿಟ್ಟಿದ್ದಕ್ಕೆ ಕಾರಣ ಇದಲ್ಲದೇ ಇರಬಹುದು, ಆದರೆ ನನಗೆ ಖುಷಿಯಾಯ್ತು.

ನಿಮ್ಮ ಅಜ್ಜಿಮನೆಯ ಗೋಡೆ ಮೇಲೆ ಅಂಥದ್ದೊಂದು ಹಳೇ ಕೋವಿ ಇದ್ದರೆ, ಅದರ ಲೈಸೆನ್ಸು, ವಿನಾಯಿತಿ ಎಲ್ಲ ಮನೆಯ ದೊಡ್ಡವರಿಗೆ ಗೊತ್ತಿರುತ್ತೆ, ಅವರಿಲ್ಲದೆ ಮುಟ್ಟಬೇಡಿ. ಅವರಿದ್ದಾಗ ಒಂದು ಸಲ ಕೇಳಿ, ಗಜ ಎಳೆದು ಕೊಡ್ತಾರೆ. ಮರದ್ದಾದರೆ ಬೆಳಕಿಗೆ ಹಿಡಿದು ತಿರುಗಿಸಿ, ಗೆರೆ ಎತ್ತ ಹೋಗಿದೆ ನೋಡಿ. ಆಮೇಲೆ ಅವರ ಕೈಯಲ್ಲೇ ಗಜವನ್ನ ನಳಿಗೆಯೊಳಗೆ ಮೆಲ್ಲಗೆ ಬಿಡಿಸಿ, ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲೇ ಇಟ್ಟು ಅಳೆಯೋಕೆ ಹೇಳಿ. ಒಳಗಿನ ಅಳತೆ ಹಿಂಬದಿಯವರೆಗೆ ಮುಟ್ಟದೆ ಎರಡು ಮೂರು ಬೆರಳು ಮುಂಚೆಯೇ ನಿಂತರೆ, ಕೋವಿಯನ್ನ ಯಾರ ಕಡೆಗೂ ತಿರುಗಿಸದೆ, ಹಾಗೇ ಕೆಳಗಿಟ್ಟು, ಬಲ್ಲವರನ್ನ ಕರೆಸಿ. ಯಾವ ಕಾಲದಲ್ಲೋ ಯಾರೋ ತುಂಬಿಟ್ಟ ಈಡು ಅದರೊಳಗೆ ಇನ್ನೂ ಇರಬಹುದು.